ಶೂನ್ಯ ಟಿಕೆಟ್

ಕಾರವಾರದ ಕೋರ್ಟು, ಬಾಗಿಲ ಪಕ್ಕದ ಬೆಂಚು.
ರಜೆ ಹಾಕಿ, ಖಾಕಿ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದೆ.
ಕೈ ಮಾತ್ರ ಆಗಾಗ
ಬಗಲಲ್ಲಿ ಇಲ್ಲದ ಚೀಲ ಹುಡುಕುತ್ತಿತ್ತು.

ಒಳಗೆ ರೋಹಿದಾಸನ ವಕೀಲರು ಓದುತ್ತಿದ್ದರು:
ಪರಿಸ್ಥಿತಿ ಬದಲಾಗಿದೆ, ಸ್ವಾಮಿ.
ಅರ್ಜಿದಾರನಿಗೆ ಮರುಮದುವೆ, ಅವಳಿ ಮಕ್ಕಳು,
ಜೂನ್ ಜುಲೈ ಬೋಟು ದಡಕ್ಕೆ, ಅವನೂ ದಡಕ್ಕೆ.
ಎದುರುದಾರಳಿಗೂ ಮರುಮದುವೆಯಾಗಿದೆ,
ಗಂಡ ಬಸ್ ಕಂಡಕ್ಟರು, ತಿಂಗಳಾದರೆ ಸಂಬಳ.
ಹುಡುಗಿಗೆ ಸರ್ಕಾರಿ ಶಾಲೆ, ಮಧ್ಯಾಹ್ನದ ಊಟ ಅಲ್ಲೇ,
ಬಸ್ಸು ಕೂಡ ಉಚಿತ.
ಐದು ಸಾವಿರವನ್ನು ಎರಡಕ್ಕೆ ಇಳಿಸಬೇಕಾಗಿ ಪ್ರಾರ್ಥನೆ.

ಬಸ್ಸು ಉಚಿತ ಅಂದಾಗ ಸುಗಂಧಾ ತಿರುಗಿ ನನ್ನ ನೋಡಿದಳು,
ಆ ಆದೇಶ ಹೊರಡಿಸಿದವ ನಾನೇ ಎಂಬ ಹಾಗೆ.

ಉಚಿತ, ನಿಜ. ಆದರೆ
ಉಚಿತಕ್ಕೂ ಟಿಕೆಟ್ ಹರಿಯಬೇಕು.
ಮೊತ್ತದ ಜಾಗದಲ್ಲಿ ಸೊನ್ನೆ; ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ,
ತಾರೀಖು, ಹೊತ್ತು, ಎಲ್ಲ ಇರುತ್ತದೆ.
ಕೊಡದಿದ್ದರೆ ಚೆಕಿಂಗಿನವರು ಬರೆಯುವುದು ನನ್ನ ಹೆಸರು.

ಐದು ಸಾವಿರ ಎಂದು ಬರೆದಾಗ ಪ್ರಣಾಲಿಗೆ ಮೂರು ವರ್ಷ.
ತೊಡೆಯ ಮೇಲೆ ಕೂರುವ ಪ್ರಾಯ, ಟಿಕೆಟ್ಟೇ ಬೇಡ.
ಈಗ ಹನ್ನೆರಡು ತುಂಬಿತು. ಗಂಡಾಗಿದ್ದರೆ ಫುಲ್ಲು.
ಕನ್ನಡಕ ಬಂದಿದೆ. ತಿಂಗಳ ಪ್ಯಾಡು ಬಂದಿದೆ.
ತಾಯಿಯ ಚಪ್ಪಲಿ ಆಗುತ್ತದೆ, ಒಂದು ಬೆರಳು ಸಡಿಲ.
ಗಣಿತಕ್ಕೆ ಕಾಜುಬಾಗದ ಟ್ಯೂಷನ್ನು, ಶನಿವಾರ ಕೂಡ.
ಇದೂ ಬದಲಾದ ಪರಿಸ್ಥಿತಿಯೇ. ಸುಗಂಧಾ ಕನ್ನಡಕದ ಬಿಲ್ಲು ಕೊಟ್ಟಳು.
ನಾನು ಹೇಳಿದ್ದರೆ ಅದು ಸಾಕ್ಷಿಯಲ್ಲ, ಗೊಣಗು.

"ಬಾಗಿಲಲ್ಲಿ ಇಣುಕುತ್ತಿರುವವರು ಯಾರು?"
"ಎದುರುದಾರಳ ಈಗಿನ ಪತಿ, ಮೇಡಂ. ಪಕ್ಷಗಾರನಲ್ಲ."

ಪಕ್ಷಗಾರನಲ್ಲ.
ಜ್ವರದ ರಾತ್ರಿ ಒದ್ದೆ ಬಟ್ಟೆ ಹಿಂಡಿದವ.
ಶಾಲೆಯ ಕಾಗದದಲ್ಲಿ ತಂದೆ ಎಂಬಲ್ಲಿ ರೋಹಿದಾಸ,
ಅದರ ಕೆಳಗೆ, ಪಾಲಕರ ಸಹಿಯ ಗೆರೆ ಮೇಲೆ
ಓಡುವ ಬಸ್ಸಲ್ಲಿ ಬರೆದಂಥ ನನ್ನ ಅಕ್ಷರ.
ಅವಳು ನನ್ನನ್ನು ಕಾಕಾ ಅನ್ನುತ್ತಾಳೆ.
ಒಮ್ಮೆ ನಿದ್ದೆಗಣ್ಣಲ್ಲಿ ಬೇರೇನೋ ಅಂದಳು.
ಯಾರಿಗೂ ಹೇಳಿಲ್ಲ, ಸುಗಂಧಾಗೂ.

ರೋಹಿದಾಸ ಕೆಟ್ಟವನಲ್ಲ, ಅದೇ ತೊಂದರೆ.
ಹೊರಗೆ ಬಾದಾಮಿ ಮರದಡಿ
ಒಂದು ಕೂಸು ಹೆಂಡತಿಯ ಹೆಗಲಲ್ಲಿ, ಇನ್ನೊಂದು ಅವನದರಲ್ಲಿ.
ಡೀಸೆಲ್ ನಾರುವ ಕೈಯಲ್ಲಿ ಹಾಲಿನ ಬಾಟಲಿ,
ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆಯುತ್ತಿದ್ದ.
ಮಾಜಾಳಿ ಟ್ರಿಪ್ಪಿನಲ್ಲಿ ದಿನಾ ನೋಡುತ್ತೇನಲ್ಲ,
ಕಾಳಿಯ ಹಳೆ ಸೇತುವೆ ಬಿದ್ದ ಮೇಲೆ
ಹೊಸದೊಂದೇ ಹೋಗುವುದನ್ನೂ ಬರುವುದನ್ನೂ ಹೊರುತ್ತಿದೆ.
ನಡುವೆ ಬಸ್ಸು ನಿಂತರೆ
ಕಾಲಡಿ ಸಣ್ಣಗೆ ನಡುಗುತ್ತದೆ.

ಆದೇಶ ಬಂತು: ತಾಯಿಯ ಮದುವೆ ಮಗಳ ಹಕ್ಕನ್ನು ತಿನ್ನದು.
ಐದು ಐದೇ. ಮೀನುಗಾರಿಕೆ ನಿಂತ ಎರಡು ತಿಂಗಳು ಮೂರು,
ಉಳಿದದ್ದು ಆಗಸ್ಟಿನಿಂದ ಕಂತಿನಲ್ಲಿ.
ಹೆಚ್ಚು ಮಾಡಿ ಎಂದು ನಾವು ಕೇಳಿಯೇ ಇರಲಿಲ್ಲ.
ಮೆಟ್ಟಿಲಿಳಿಯುವಾಗ ಸುಗಂಧಾಗೆ ನೆನಪಾಯಿತು.

ಹದಿನೈದು ದಿನದ ಮೇಲೆ ಸದಾಶಿವಗಡದಲ್ಲಿ
ಅವನು ನನ್ನ ಬಸ್ಸಿಗೇ ಹತ್ತಿದ. ಐನೂರರ ನೋಟು.
ಚಿಲ್ಲರೆ ಇರಲಿಲ್ಲ, ದೇವರಾಣೆ ಇರಲಿಲ್ಲ.
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದೆ.
ಕಾರವಾರದಲ್ಲಿ ಎಲ್ಲರೂ ಇಳಿದ ಮೇಲೆ ಬಂದು ನಿಂತ.
ನಾನು ಎಣಿಸಿ ಕೊಟ್ಟೆ, ಅವನೂ ಎಣಿಸಿಕೊಂಡ,
ರೂಪಾಯಿಗೆ ರೂಪಾಯಿ. ಅವಳ ಹೆಸರು ಇಬ್ಬರೂ ಎತ್ತಲಿಲ್ಲ.

ಇಳಿದವನು ಫುಟ್‌ಬೋರ್ಡಿನ ಕೆಳಗಿಂದ ಕೇಳಿದ:
ಕನ್ನಡಕ ದೂರದ್ದೋ ಹತ್ತಿರದ್ದೋ?

ದೂರದ್ದು, ಅಂದೆ.

ನಂಗೂ ಹನ್ನೆರಡಕ್ಕೇ ಬಂದಿತ್ತು, ಅಂದ.